ನೂರಕ್ಕೆ ನೂರು ಫಲಿತಾಂಶದ ಒತ್ತಡ: ನೀವೆಲ್ಲ ಏನು ಮಾಡಿದಿರಿ?

ಕೇಳಿದವರು, ತೀರ್ಥಹಳ್ಳಿ ತಾಲ್ಲೂಕು: ಸರ್ಕಾರಿ ಪ್ರೌಢಶಾಲೆಗೆ ಗಣಿತ ಶಿಕ್ಷಕಿಯಾಗಿ ಬಂದು ಎರಡು ವರ್ಷ. ಹತ್ತನೇ ತರಗತಿಗೆ ಈಗಿನಿಂದಲೇ ಪಾಸಿಂಗ್ ಪ್ಯಾಕೇಜ್ (ಪಾಸಾಗುವಷ್ಟು ಅಂಕಕ್ಕೆ ಆಯ್ದ ಪ್ರಶ್ನೋತ್ತರ) ಮಾತ್ರ ಮಾಡಿಸಿ ಅಂತ ಮೇಲಿನವರು ಅನ್ನುತ್ತಿದ್ದಾರೆ. ಆರು ಮಕ್ಕಳಿಗೆ ಭಾಗಾಕಾರವೇ ಬರುವುದಿಲ್ಲ. ಅನುಭವ ಇದ್ದವರು ದಾರಿ ಹೇಳಿ.

ಹೊಸನಗರ ಕಡೆಯ ಗಣಿತ ಮೇಷ್ಟ್ರು: ಮೇಡಂ, ಪ್ಯಾಕೇಜ್ ಬೇಡ ಅನ್ನಬೇಡಿ. ಪಾಸಾಗದಿದ್ದರೆ ಆ ಮಕ್ಕಳಿಗೆ ಪಿಯುಸಿಯೂ ಇಲ್ಲ, ಡಿಪ್ಲೊಮಾವೂ ಇಲ್ಲ. ಆದರೆ ಅದನ್ನೇ ಪಾಠ ಅಂದುಕೊಳ್ಳಬೇಡಿ. ನನ್ನ ತರಗತಿಯಲ್ಲೊಬ್ಬಳು ಥೇಲ್ಸ್ ಪ್ರಮೇಯವನ್ನು ಒಂದಕ್ಷರ ತಪ್ಪದೆ ಬರೆಯುತ್ತಿದ್ದಳು. ಒಂದು ದಿನ ತ್ರಿಭುಜಕ್ಕೆ ಎಬಿಸಿ ಬದಲು ಪಿಕ್ಯೂಆರ್ ಅಂತ ಹೆಸರಿಟ್ಟೆ. ಪೆನ್ನು ಕೆಳಗಿಟ್ಟು, "ಸಾರ್, ಇದು ನೀವು ಕೊಟ್ಟಿರಲಿಲ್ಲ" ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದೇ ಹುಡುಗಿ ಅಡಿಕೆ ಸುಲಿಯುವ ಕಾಲದಲ್ಲಿ ಅಮ್ಮನ ಕೂಲಿಯನ್ನು ಬಾಯಲ್ಲೇ ಲೆಕ್ಕ ಹಾಕುತ್ತಿದ್ದಳು. ಇಷ್ಟು ಡಬ್ಬಕ್ಕೆ ಇಷ್ಟು, ಮುಂಗಡ ಕಳೆದು ಉಳಿದದ್ದಿಷ್ಟು. ಅಲ್ಲಿಂದಲೇ ಶುರು ಮಾಡಿದೆ. ದಿನವೂ ಮೊದಲ ಹತ್ತು ನಿಮಿಷ ಅದೇ ಲೆಕ್ಕ; ಬಾಯಲ್ಲಿ ಹೇಳಿದ್ದನ್ನು ಬೋರ್ಡಿನ ಮೇಲೆ ಬರೆಸುವುದು. ದೀಪಾವಳಿಗೆ ಶುರುವಾದದ್ದು, ಸಂಕ್ರಾಂತಿ ಹೊತ್ತಿಗೆ ಭಾಗಾಕಾರ ಕೈಗೆ ಹತ್ತಿತು. ಪ್ಯಾಕೇಜ್ ಆಮೇಲೆ ಮಾಡಿದರೂ ನಡೆಯಿತು.

ಇನ್ನೊಂದು ಮಾತು. ಜೂನ್‌ನ ಸೇತುಬಂಧದ (ಹಿಂದಿನ ತರಗತಿಯ ಕಲಿಕೆಯನ್ನು ಸರಿದೂಗಿಸುವ ಪಾಠ) ಪೂರ್ವ ಪರೀಕ್ಷೆಯನ್ನು ನಿಜವಾಗಿ ಮಾಡಿ, ಉತ್ತರ ಪತ್ರಿಕೆಗಳನ್ನು ಜೋಪಾನವಾಗಿಡಿ. ಮಳೆ ರಜೆಯ ದಿನಗಳನ್ನೂ ಬರೆದಿಡಿ. ಫಲಿತಾಂಶ ಬಿದ್ದು ಕಾರಣ ಕೇಳಿದಾಗ ಬೇಕಾಗುತ್ತದೆ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರ ಕಣ್ಗಾವಲು) ಬಂದ ವರ್ಷ, 2024ರಲ್ಲಿ, ರಾಜ್ಯದ ಫಲಿತಾಂಶವೇ 83.89ರಿಂದ ಶೇ. 73.40ಕ್ಕೆ ಬಿತ್ತು, ಅದೂ ಕೃಪಾಂಕ ಸೇರಿಸಿ. 2025ರ ಪರೀಕ್ಷೆ-1ರಲ್ಲಿ, ಅಂದರೆ ಆ ವರ್ಷದ ಮೊದಲ ಪರೀಕ್ಷೆಯಲ್ಲಿ, 62.34. ನನಗೂ ಕಾರಣ ಕೇಳಿ ನೋಟಿಸ್ ಬಂದಿತ್ತು. ಎಂಟನೇ ತರಗತಿಗೆ ಬಂದಾಗ ಮಗು ಎಲ್ಲಿತ್ತು, ಹತ್ತರಲ್ಲಿ ಎಲ್ಲಿಗೆ ಬಂತು ಅನ್ನುವುದನ್ನು ಆ ಪತ್ರಿಕೆಗಳನ್ನೇ ಲಗತ್ತಿಸಿ ತೋರಿಸಿದೆ. ಶೇಕಡಾವಾರು ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ, ನಾವೇ ತೋರಿಸಬೇಕು.

ಸಾಗರದ ಕನ್ನಡ ಶಿಕ್ಷಕಿ: ಆಂತರಿಕ ಅಂಕ ನಮ್ಮ ಕೈಯಲ್ಲಿದೆಯಲ್ಲ, ಪ್ರಥಮ ಭಾಷೆಗೆ 25, ಉಳಿದವಕ್ಕೆ 20. ಅದನ್ನು ಸುಮ್ಮನೆ ತುಂಬಿ ಕಳಿಸಬೇಡಿ. ಬರೆಯಲು ತಿಣುಕುವ ಮಗು ಎದ್ದು ನಿಂತು ಮಾತಾಡುವುದಕ್ಕೆ ಅದೊಂದೇ ಜಾಗ.

ಆಗುಂಬೆ ಕಡೆಯ ತಾಯಿ: ಟೀಚರ್, ವಿಶೇಷ ತರಗತಿ ಬೆಳಿಗ್ಗೆ ಇಡಿ. ಸಂಜೆ ಇಟ್ಟರೆ ಬಸ್ಸು ತಪ್ಪುತ್ತದೆ. ಕತ್ತಲಲ್ಲಿ, ಕಾಡಿನ ದಾರಿಯಲ್ಲಿ ಹೆಣ್ಣು ಮಕ್ಕಳನ್ನು ನಡೆಸಲು ಆಗುವುದಿಲ್ಲ. 2024ರಲ್ಲಿ ನನ್ನ ಮಗಳಿಗೆ ಪರೀಕ್ಷೆ-1ರಲ್ಲಿ ಗಣಿತ ಹೋಯಿತು. ಅವಳು ಊಟ ಬಿಟ್ಟು ಕೂತಿದ್ದಳು. ಸಂಜೆ ಅವಳ ಟೀಚರ್ ಫೋನ್ ಮಾಡಿ, "ನಾಳೆ ಪುಸ್ತಕ ಹಿಡ್ಕೊಂಡು ಬಾ, ಪರೀಕ್ಷೆ-2 ಇದೆ" ಅಂದರು. ಬೈಯಲಿಲ್ಲ. ಆ ಜೂನ್‌ನಲ್ಲಿ ಬರೆದು ಪಾಸಾದಳು.