ಸಹಾಯ ಬೇಕು: ತಂಗಿಗೆ ಶಿವಮೊಗ್ಗವೋ, ಮೈಸೂರೋ?

ಎಲ್ಲರಿಗೂ ನಮಸ್ಕಾರ. ತಂಗಿ ನೀಟ್‌ನಲ್ಲಿ ಒಳ್ಳೆ ರ‍್ಯಾಂಕ್ ತೆಗೆದಿದ್ದಾಳೆ. ಇನ್ನು ಕೆಇಎ (ಸೀಟು ಹಂಚುವ ರಾಜ್ಯದ ಪ್ರಾಧಿಕಾರ) ಆಪ್ಷನ್ ಎಂಟ್ರಿ ಮಾಡಬೇಕು, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬಬೇಕು. ಸರ್ಕಾರಿ ಸೀಟೇ ಬೇಕು, ಖಾಸಗಿ ಫೀಸು ನಮ್ಮ ಕೈಗೆ ಎಟುಕುವುದಿಲ್ಲ.

ಮೊದಲ ಆಪ್ಷನ್ ಯಾವುದು ಹಾಕಬೇಕು ಅಂತ ಮನೆಯಲ್ಲಿ ದಿನಾ ಚರ್ಚೆ. ಅಪ್ಪನಿಗೆ ಮೈಸೂರು ಮೆಡಿಕಲ್ ಕಾಲೇಜೇ ಆಗಬೇಕು. 1924ರ ಕಾಲೇಜು, ಕೆ.ಆರ್. ಆಸ್ಪತ್ರೆಯಲ್ಲಿ ನೋಡಿ ಕಲಿಯಲು ಎಲ್ಲಾ ಥರದ ರೋಗಿಗಳು ಸಿಗುತ್ತಾರೆ ಅನ್ನುತ್ತಾರೆ. ಅದು ನಿಜವೇ. ಆದರೆ ನಾವಿರುವುದು ಸಾಗರದಲ್ಲಿ. ಶಿವಮೊಗ್ಗದ ಸರ್ಕಾರಿ ಮೆಡಿಕಲ್ ಕಾಲೇಜು ಸಿಮ್ಸ್ ಆದರೆ ಶನಿವಾರ ಸಂಜೆ ಬಸ್ ಹತ್ತಿ ಮನೆಗೆ ಬರಬಹುದು. ಅಲ್ಲೂ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆ ಇದೆ, ಅಲ್ವಾ?

ಅವಳಿಗೆ ಮನೆಗಿಂತ ಜಾಸ್ತಿ ಸೆಳೆತ ಇರುವುದು ಇಲ್ಲಿನ ಮದ್ದಳೆ ಕ್ಲಾಸಿನ ಮೇಲೆ. ಭಾನುವಾರ ಬೆಳಿಗ್ಗೆ ತಪ್ಪಿಸುವವಳೇ ಅಲ್ಲ. ಬಯಾಲಜಿ ಪುಸ್ತಕದ ಅಂಚಿನಲ್ಲೆಲ್ಲ ಪೆನ್ಸಿಲ್‌ನಲ್ಲಿ ತಾಳದ ಲೆಕ್ಕ ಬರೆದಿದ್ದಾಳೆ. ನಾಲ್ಕೂವರೆ ವರ್ಷ ಓದು, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಅಷ್ಟು ದಿನ ಅದನ್ನು ಬಿಟ್ಟುಬಿಡು ಅಂತ ಹೇಳಲು ನನಗೆ ಮನಸ್ಸಿಲ್ಲ.

ಈ ಎರಡು ಕಾಲೇಜುಗಳಲ್ಲಿ ಓದಿದವರು ದಯವಿಟ್ಟು ಹೇಳಿ. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ ನಡುವೆ ಭಾನುವಾರ ನಿಜಕ್ಕೂ ಬಿಡುವು ಸಿಗುತ್ತಾ? ಹಾಸ್ಟೆಲ್ ಊಟ, ಹುಡುಗಿಯರ ಸುರಕ್ಷತೆ ಹೇಗಿದೆ? ಹೆಸರಿಗಾಗಿ ದೂರ ಹೋಗುವುದು ಮುಂದೆ ಪಿಜಿಗೆ (ಎಂಡಿ, ಎಂಎಸ್ ಓದಿಗೆ) ಉಪಯೋಗ ಆಗುತ್ತಾ, ಇಲ್ಲ ಸುಮ್ನೆ ಮಾತಾ? ಸದ್ಯಕ್ಕೆ ನನ್ನ ಒಲವು ಶಿವಮೊಗ್ಗದ ಕಡೆಗೇ. ತಪ್ಪು ಅನ್ನಿಸಿದರೆ ನೇರವಾಗಿ ಹೇಳಿ.