ಸ್ವಿಂಗ್ ನುಡಿಸಲು ಹೋದರೆ ಪರೇಡ್ ಮಾರ್ಚ್ ಆಗುತ್ತಿದೆ: ತೊಂದರೆ ನಾಲಿಗೆಯದೋ, ಉಸಿರಿನದೋ? (ಆಲ್ಟೋ ಸ್ಯಾಕ್ಸ್)

ಒಣರೀಡು:

ಎಲ್ಲರಿಗೂ ನಮಸ್ಕಾರ. ಆಲ್ಟೋ ಸ್ಯಾಕ್ಸೊಫೋನ್ ನುಡಿಸುತ್ತೇನೆ. ಸ್ಕೇಲು, ಆರ್ಪೆಜಿಯೊ, ಬರೆದ ನೋಟ್ಸ್ ಓದುವುದು ಇದೆಲ್ಲ ಪರವಾಗಿಲ್ಲ. ಜಾಝ್‌ಗೆ, ಅದರ ತೂಗಾಡುವ ಲಯವಾದ ಸ್ವಿಂಗ್‌ಗೆ, ಕೈ ಹಾಕಿದ ಮೇಲೆ ತಲೆನೋವು ಶುರುವಾಗಿದೆ. ಎಯ್ತ್ ನೋಟ್‌ಗಳ (ಒಂದು ಬೀಟ್‌ಗೆ ಎರಡರಂತೆ ಬರುವ ಸ್ವರಗಳ) ಸಾಲು ಬಂದರೆ ಸಾಕು, ಪರೇಡಿನ ಮಾರ್ಚ್ ಕೇಳಿದ ಹಾಗಿರುತ್ತದೆ. "ಮೊದಲನೆಯದು ಉದ್ದ, ಎರಡನೆಯದು ಗಿಡ್ಡ" ಅಂತ ಎಲ್ಲರೂ ಹೇಳುತ್ತಾರಲ್ಲ, ಹಾಗೆ ಮಾಡಿದರೆ ಲಯ ಕುಂಟುತ್ತದೆ. ಪ್ರತಿ ನೋಟ್‌ಗೂ ನಾಲಿಗೆ ತಾಗಿಸಿದರೆ ತಟ್-ತಟ್-ತಟ್. ಎಲ್ಲವನ್ನೂ ಸ್ಲರ್ ಮಾಡಿದರೆ (ನಾಲಿಗೆ ತಾಗಿಸದೆ ಕೂಡಿಸಿ ಊದಿದರೆ) ಬೀಟ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಕೆಳಗಿನ ಸಿ, ಬಿ, ಬಿ ಫ್ಲಾಟ್‌ನಲ್ಲಂತೂ ಮೊದಲು 'ಠಪ್' ಅಂತ ಒಂದು ಸದ್ದು, ಆಮೇಲೆ ಸ್ವರ. ರೀಡ್ (ಮೌತ್‌ಪೀಸ್‌ಗೆ ಕಟ್ಟುವ, ಕಂಪಿಸುವ ತೆಳು ಪಟ್ಟಿ) 3ನೇ ನಂಬರ್, ಮೌತ್‌ಪೀಸ್ ವಾದ್ಯದ ಜೊತೆ ಬಂದದ್ದೇ. ನಾಲಿಗೆಯ ವೇಗ ಸಾಲದು ಅಂತ ಅನ್ನಿಸುತ್ತಿದೆ. ವೇಗ ಹೆಚ್ಚಿಸಲು ಒಳ್ಳೆ ಅಭ್ಯಾಸ ಇದ್ದರೆ ತಿಳಿಸಿ.

ಎರಡು_ನಾಲ್ಕು:

ವೇಗದ ಅಭ್ಯಾಸ ಸದ್ಯಕ್ಕೆ ಬೇಡ. ನೀವು ಬರೆದಿರುವುದರಲ್ಲಿ ನಾಲಿಗೆ ನಿಧಾನ ಅನ್ನುವ ಲಕ್ಷಣ ಒಂದೂ ಇಲ್ಲ. ಎರಡು ಪರೀಕ್ಷೆ ಮಾಡಿ, ಏನಾಯಿತು ಅಂತ ಬರೆಯಿರಿ.

ಮೊದಲನೆಯದು: ಮೌತ್‌ಪೀಸ್ ಕಳಚಿ ಅದೊಂದನ್ನೇ ಊದಿ. ಆಲ್ಟೋ ಆದ್ದರಿಂದ ಟ್ಯೂನರ್‌ನಲ್ಲಿ ಎ, ಅಂದರೆ 880 ಹರ್ಟ್ಸ್ ಆಸುಪಾಸು ತೋರಿಸಬೇಕು. ಕ್ಲಾಸಿಕಲ್ ನುಡಿಸುವವರು ಸಾಮಾನ್ಯವಾಗಿ ಅಲ್ಲೇ ಇರುತ್ತಾರೆ. ಜಾಝ್‌ನವರು ತುಟಿ ಸ್ವಲ್ಪ ಸಡಿಲ ಬಿಡುವುದರಿಂದ ಇನ್ನೂ ಕೆಳಗಿರುವುದೂ ಉಂಟು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸ್ವರ ಎಲ್ಲೇ ನಿಲ್ಲಲಿ, ಅದನ್ನು ಹಿಡಿದುಕೊಂಡು ನಿಧಾನವಾಗಿ ಟಂಗಿಂಗ್ ಮಾಡಿ, ಅಂದರೆ ರೀಡಿಗೆ ನಾಲಿಗೆ ತಾಗಿಸಿ ಬಿಡಿ. ಟ್ಯೂನರ್ ಮುಳ್ಳು ಪ್ರತಿ ಸಲ ಅಲ್ಲಾಡುತ್ತದೆಯಾ? ಹಾಗಿದ್ದರೆ ನಾಲಿಗೆಯ ಜೊತೆ ದವಡೆಯೂ ಕುಣಿಯುತ್ತಿದೆ ಅಂತ ಅರ್ಥ. ಕನ್ನಡಿಯಲ್ಲಿ ಗದ್ದ ನೋಡಿಕೊಂಡರೂ ಗೊತ್ತಾಗುತ್ತದೆ.

ಎರಡನೆಯದು: ವಾದ್ಯ ಜೋಡಿಸಿ ಜಿ ಸ್ವರ ಊದುತ್ತಾ ಇರಿ. ನಾಲಿಗೆಯನ್ನು ರೀಡಿಗೆ ಇಟ್ಟು ಸದ್ದು ನಿಲ್ಲಿಸಿ. ಆದರೆ ಗಾಳಿಯ ಒತ್ತಡ ಕಮ್ಮಿ ಮಾಡಬೇಡಿ. ಎರಡು ಬೀಟ್ ಕಾದು ನಾಲಿಗೆ ತೆಗೆಯಿರಿ. ಸ್ವರ ತಾನಾಗಿ ಬಂತಾ? ಇಲ್ಲ, ಮತ್ತೆ ಹೊಸದಾಗಿ ಊದಬೇಕಾಯಿತಾ?

ಒಣರೀಡು:

ಮಾಡಿ ನೋಡಿದೆ. ಮುಳ್ಳು ಪ್ರತಿ ಸಲ ಕೆಳಗೆ ಜಾರಿ ವಾಪಸ್ ಬರುತ್ತದೆ. ಗದ್ದ ಎದ್ದು ಬಿದ್ದು ಕುಣಿಯುತ್ತಿದೆ! ಎರಡನೆಯದರಲ್ಲಿ ನಾಲಿಗೆ ಇಟ್ಟ ಕೂಡಲೇ ಹೊಟ್ಟೆ ಸಡಿಲವಾಗಿಬಿಡುತ್ತದೆ, ಮತ್ತೆ ಊದಿದರೇನೇ ಸ್ವರ. ಇನ್ನೊಂದು ವಿಷಯ, ನನ್ನ ನಾಲಿಗೆಯ ತುದಿಯ ಕೆಳಭಾಗ ರೀಡಿಗೆ ತಾಗುತ್ತಿದೆ. ಇದು ಸರಿಯಾ?

ಎರಡು_ನಾಲ್ಕು:

ಸರಿಯಲ್ಲ. ಆದರೆ ಅದು ಹೇಗೆ ಬಂತು ಅಂತ ಊಹಿಸಬಲ್ಲೆ. ಇಂಗ್ಲಿಷ್ ಪುಸ್ತಕಗಳಲ್ಲಿ ಬರೆದ ಟಂಗಿಂಗ್ ಅಕ್ಷರಗಳನ್ನು ನಾವು ಟಾ, ಡಾ ಅಂತ ಓದಿಕೊಳ್ಳುತ್ತೇವೆ. ಟ, ಡ ಹೇಳುವಾಗ ನಮ್ಮ ನಾಲಿಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಕೆಳಭಾಗ ಮುಂದಕ್ಕೆ ಬರುತ್ತದೆ. ಈಗ ದ, ದು ಹೇಳಿ ನೋಡಿ. ತುದಿ ಚಪ್ಪಟೆಯಾಗಿ ಹಲ್ಲಿನ ಹತ್ತಿರವೇ ಇರುತ್ತದೆ, ಅಲ್ವಾ? ಸ್ಯಾಕ್ಸ್‌ಗೆ ಬೇಕಾದ್ದು ಅದೇ. ನಾಲಿಗೆ ತುದಿಯ ಮೇಲ್ಭಾಗ ರೀಡಿನ ತುದಿಗೆ ಹಗುರವಾಗಿ ತಾಗಿ ಹಿಂದೆ ಸರಿಯಬೇಕು. ಮಿಲಿಮೀಟರ್ ಲೆಕ್ಕದ ಚಲನೆ ಸಾಕು. ನಾಲಿಗೆ ದೂರ ಹೋದಷ್ಟೂ ದವಡೆಯನ್ನು ಎಳೆದುಕೊಂಡು ಹೋಗುತ್ತದೆ.

ಈಗ ಮುಖ್ಯ ವಿಷಯ. ಸ್ವರ ಹುಟ್ಟಿಸುವುದು ನಾಲಿಗೆಯಲ್ಲ. ರೀಡ್ ಕಂಪಿಸುವಂತೆ ಮಾಡುವುದು ಗಾಳಿ. ನಾಲಿಗೆ ರೀಡನ್ನು ಹಿಡಿಯುತ್ತದೆ, ಬಿಡುತ್ತದೆ, ಅಷ್ಟೇ. ಬಿಡುವ ಹೊತ್ತಿಗೆ ಒತ್ತಡ ಸಿದ್ಧವಾಗಿದ್ದರೆ ಸ್ವರ ಆ ಕ್ಷಣವೇ ಬರುತ್ತದೆ. ನಿಮ್ಮಲ್ಲಿ ಒತ್ತಡ ಪ್ರತಿ ನೋಟ್‌ಗೂ ಬಿದ್ದು ಏಳುತ್ತಿದೆ, ಅದನ್ನು ಸರಿದೂಗಿಸಲು ನಾಲಿಗೆ ಜೋರಾಗಿ ಬಡಿಯುತ್ತಿದೆ. ತಟ್-ತಟ್ ಬರುವುದು ಅಲ್ಲಿಂದ. ಕೆಳಸ್ವರಗಳ 'ಠಪ್' ಕೂಡ ಬಹುಪಾಲು ಇದೇ. ಕೊಳವೆ ಪೂರ್ತಿ ಮುಚ್ಚಿದಾಗ ಸ್ವರ ನೆಲೆಯೂರಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ಆ ಸಮಯದಲ್ಲಿ ನಾಲಿಗೆಯ ಬಡಿತ ಬೇರೆಯಾಗಿ ಕೇಳಿಬಿಡುತ್ತದೆ. ನಾಲಿಗೆಯೇ ಇಲ್ಲದೆ ಬರಿ ಗಾಳಿಯಿಂದ ಆ ಸ್ವರಗಳನ್ನು ಮೆಲ್ಲಗೆ ಶುರು ಮಾಡಿ. ಆಗಲೂ ಬರದಿದ್ದರೆ ಪ್ಯಾಡ್ (ತೂತು ಮುಚ್ಚುವ ಮೆತ್ತೆ) ಎಲ್ಲೋ ಸೋರುತ್ತಿರಬಹುದು, ರಿಪೇರಿಯವರಿಗೆ ತೋರಿಸಿ. ಬಂದರೆ ವಾದ್ಯ ಚೆನ್ನಾಗಿಯೇ ಇದೆ.

ಹಾಗಾಗಿ ಸ್ವಲ್ಪ ದಿನ ದಿನಚರಿ ಹೀಗಿರಲಿ. ಯಾವುದೇ ಸಾಲನ್ನು ಮೊದಲು ಪೂರ್ತಿ ಸ್ಲರ್ ಮಾಡಿ ಊದಿ. ಗಾಳಿ ಒಂದೇ ಎಳೆಯಾಗಿ ಹರಿಯಲಿ. ಆಮೇಲೆ ಅದೇ ಗಾಳಿಯ ಮೇಲೆ ನಾಲಿಗೆ ಸೇರಿಸಿ. ಗಾಳಿಯಲ್ಲಿ ಏನೂ ಬದಲಾಗಬಾರದು.

ಸ್ವಿಂಗ್ ವಿಷಯಕ್ಕೆ ಬಂದರೆ, ನಾಲಿಗೆ ಎಲ್ಲಿ ಬೀಳುತ್ತದೆ ಅನ್ನುವುದೇ ಆಟ. ಪ್ರತಿ ಬೀಟ್ ಮೇಲೂ ನಾಲಿಗೆ ಬಿದ್ದರೆ ಮಾರ್ಚ್ ಆಗದೆ ಇನ್ನೇನಾಗುತ್ತದೆ? ಜಿ ಮೇಜರ್ ಸ್ಕೇಲ್ ತೆಗೆದುಕೊಳ್ಳಿ. ಬಾಯಲ್ಲಿ "ಒನ್-ಆಂಡ್-ಟೂ-ಆಂಡ್" ಎಣಿಸಿ. ಮೊದಲ ಜಿಗೆ ಮಾತ್ರ ಬೀಟ್ ಮೇಲೆ ನಾಲಿಗೆ. ಅಲ್ಲಿಂದ ಮುಂದೆ 'ಆಂಡ್' ಮೇಲಿನ ನೋಟ್‌ಗೆ ಮಾತ್ರ ನಾಲಿಗೆ, ಅದರಿಂದ ಮುಂದಿನ ಬೀಟ್‌ಗೆ ಸ್ಲರ್. ದೂ, ದಾ-ಆ, ದಾ-ಆ, ದಾ-ಆ ಅಂತ ಬರುತ್ತದೆ. ಮೆಟ್ರೊನೋಮ್ 50ಕ್ಕೆ ಇಟ್ಟು, ಆ ಸದ್ದನ್ನು ಎರಡು ಮತ್ತು ನಾಲ್ಕನೇ ಬೀಟ್ ಅಂದುಕೊಳ್ಳಿ. ಅಂದರೆ ನಿಮ್ಮ ನಿಜವಾದ ಗತಿ 100. ಮೊದಮೊದಲು ನಾಲಿಗೆ ತಾನೇ ಬೀಟ್ ಮೇಲೆ ಹೋಗಿ ಕೂರುತ್ತದೆ. ಬೈಯದೆ ವಾಪಸ್ ತನ್ನಿ.

ಉದ್ದ-ಗಿಡ್ಡದ ಗೊಂದಲವನ್ನು ಈಗ ಪಕ್ಕಕ್ಕಿಡಿ. ಅದು ಎಲ್ಲ ಗತಿಗೂ ಒಂದೇ ಅಳತೆಯಲ್ಲ. ನಿಧಾನಗತಿಯಲ್ಲಿ ಎರಡು ಪಾಲು, ಒಂದು ಪಾಲು ಅನ್ನುವಷ್ಟು ಅಥವಾ ಇನ್ನೂ ಜಾಸ್ತಿ ವ್ಯತ್ಯಾಸ ಇರಬಹುದು. ಗತಿ ಏರಿದಂತೆ ಅದು ಕರಗುತ್ತಾ ಬಂದು, ತೀರಾ ವೇಗದಲ್ಲಿ ಎರಡೂ ಹೆಚ್ಚುಕಮ್ಮಿ ಸಮವಾಗುತ್ತವೆ. ಎಲ್ಲ ಕಡೆ ಒಂದೇ ಅಳತೆ ಹಿಡಿದರೆ ಕುಂಟುವುದೇ.

ಟೆನರ್_ತಾತ:

ಮೇಲಿನವರು ಗಾಳಿಯ ಬಗ್ಗೆ ಬರೆದದ್ದಕ್ಕೆ ನನ್ನ ಪೂರ್ತಿ ಮತ. ಆಫ್‌ಬೀಟ್ ಟಂಗಿಂಗ್ (ಆ 'ಆಂಡ್' ಮೇಲೆ ನಾಲಿಗೆ ಇಡುವುದು) ಬಗ್ಗೆ ಮಾತ್ರ ಒಂದು ತಕರಾರು ಇದೆ. ಸ್ಕೇಲ್ ಮೇಲೆ ಅದು ಚೆಂದದ ಅಭ್ಯಾಸ. ಆದರೆ ಅದನ್ನೇ ಸೂತ್ರ ಮಾಡಿಕೊಂಡು ಇಡೀ ಸೋಲೊ ಹಾಗೇ ನುಡಿಸುವವರನ್ನು ಬೇಕಾದಷ್ಟು ಕೇಳಿದ್ದೇನೆ. ಒಂದು ಯಂತ್ರ ಹೋಗಿ ಇನ್ನೊಂದು ಯಂತ್ರ ಬಂದ ಹಾಗಾಗುತ್ತದೆ, ಮಾರಾಯ್ರೆ.

ಜಾಝ್ ಸ್ಯಾಕ್ಸ್ ದಿಗ್ಗಜರ ರೆಕಾರ್ಡ್‌ಗಳಲ್ಲಿ ಚಾರ್ಲಿ ಪಾರ್ಕರ್ ಅವರನ್ನು ಕೇಳಿ. ಒತ್ತು ಬೀಳುವುದು ಸಾಲು ಮೇಲೇರಿ ತಿರುಗುವ ಜಾಗದಲ್ಲಿ, ಅಂದರೆ ತುತ್ತತುದಿಯ ಸ್ವರದ ಮೇಲೆ. ಅದು ಬೀಟ್ ಮೇಲಿದ್ದರೂ ಸರಿ, ನಡುವೆ ಇದ್ದರೂ ಸರಿ. ಡೆಕ್ಸ್ಟರ್ ಗಾರ್ಡನ್ ಅವರನ್ನು ಕೇಳಿ. ಎಯ್ತ್ ನೋಟ್‌ಗಳು ಬಹುಪಾಲು ಸಮ, ನಾಲಿಗೆ ಸ್ಪಷ್ಟ, ಆದರೂ ಎಲ್ಲವೂ ಬೀಟ್‌ಗಿಂತ ಕೊಂಚ ಹಿಂದೆ ಒರಗಿಕೊಂಡಿರುತ್ತವೆ. ಲೆಸ್ಟರ್ ಯಂಗ್ ಇನ್ನೊಂದೇ ದಾರಿ, ಹಗುರ, ನುಣುಪು. ಮೂವರೂ ಸ್ವಿಂಗ್ ಮಾಡುತ್ತಾರೆ. ಯಾರ ಅಳತೆ ಸರಿ ಅಂತೀರಿ?

ಈ 'ಹಿಂದೆ ಒರಗುವುದು' ಬರೀ ಅನ್ನಿಸಿಕೆಯಲ್ಲ. 2022ರಲ್ಲಿ ಜರ್ಮನಿಯ ಸಂಶೋಧಕರ ಒಂದು ತಂಡ ಇದನ್ನು ಅಳೆದಿತ್ತು. ಸೋಲೊ ನುಡಿಸುವವರ ಬೀಟ್ ಮೇಲಿನ ನೋಟ್ ಡ್ರಮ್, ಬೇಸ್‌ಗಿಂತ ಸುಮಾರು 30 ಮಿಲಿಸೆಕೆಂಡ್ ತಡವಾಗಿ, ಆದರೆ ಆಫ್‌ಬೀಟ್ ನೋಟ್ ಅವರ ಜೊತೆಗೇ ಸರಿಯಾಗಿ ಬಿದ್ದರೆ ಕೇಳುವ ಸಂಗೀತಗಾರರಿಗೆ ಸ್ವಿಂಗ್ ಹೆಚ್ಚು ಅನ್ನಿಸುತ್ತದೆ ಅಂತ ಗೊತ್ತಾಯಿತು. ಎಲ್ಲವನ್ನೂ ತಡ ಮಾಡುವುದಲ್ಲ, ಗಮನಿಸಿ. ಬೀಟ್ ಮೇಲಿನದು ಮಾತ್ರ ಒಂದಿಷ್ಟು ಸೋಮಾರಿ. ಆಫ್‌ಬೀಟ್‌ಗೆ ನಾಲಿಗೆ ಇಟ್ಟು ಮುಂದಿನ ಬೀಟ್‌ಗೆ ಸ್ಲರ್ ಮಾಡುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ನನಗನ್ನಿಸುತ್ತದೆ. ನಾಲಿಗೆ ಇರುವಲ್ಲಿ ಸಮಯ ಖಚಿತ, ಬೆರಳು ಮಾತ್ರ ಬದಲಾಗುವಲ್ಲಿ ಕೊಂಚ ಸಡಿಲ ಬಿಡಬಹುದು. ಹಾಗಂತ 30 ಮಿಲಿಸೆಕೆಂಡ್ ಎಣಿಸಿಕೊಂಡು ನುಡಿಸಲು ಹೋಗಬೇಡಿ, ಅದು ಕೇಳಿಕೇಳಿಯೇ ಬರಬೇಕು.

ಆದ್ದರಿಂದ ನನ್ನ ಸಲಹೆ ಇಷ್ಟು. ನಿಮಗಿಷ್ಟವಾದ ಸೋಲೊ ಒಂದರಿಂದ ನಾಲ್ಕೇ ನಾಲ್ಕು ಬಾರ್ (ತಾಳದ ಆವರ್ತ) ಆರಿಸಿಕೊಳ್ಳಿ. ಅರ್ಧ ವೇಗಕ್ಕೆ ಇಳಿಸಿ ಕೇಳಿ. ವಾದ್ಯ ಮುಟ್ಟದೆ ಹಾಡಿ. ದು, ದಾ, ಲ, ನ್ ಏನು ಬಾಯಿಗೆ ಬರುತ್ತದೋ ಅದರಲ್ಲೇ ಹಾಡಿ. ಹಾಡುವಾಗ ಎಲ್ಲೆಲ್ಲಿ ನಾಲಿಗೆ ತಾನಾಗಿ ಬಿತ್ತು ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿ. ಆಮೇಲೆ ವಾದ್ಯ. ಕೊನೆಗೆ ಮೂಲದ ಜೊತೆ ನುಡಿಸಿ, ರೆಕಾರ್ಡ್ ಮಾಡಿ. ಎಷ್ಟು ಕಮ್ಮಿ ಕಡೆ ನಾಲಿಗೆ ಬಿದ್ದಿದೆ ಅಂತ ನೋಡಿದರೆ ಆಶ್ಚರ್ಯಪಡುತ್ತೀರಿ. ಲೀಡ್‌ಶೀಟ್‌ನಲ್ಲಿ (ಹಾಡಿನ ಸ್ವರಸಾಲು, ಕಾರ್ಡ್ ಹೆಸರು ಮಾತ್ರ ಇರುವ ಹಾಳೆಯಲ್ಲಿ) ಇದ್ಯಾವುದನ್ನೂ ಬರೆದಿರುವುದಿಲ್ಲ. ಬರೆದದ್ದನ್ನು ಹಾಗೇ ಓದಿದರೆ ಸುಮ್ನೆ ನೋಟ್ಸ್ ಕೇಳುತ್ತವೆ, ಅಷ್ಟೇ.

ಎರಡು_ನಾಲ್ಕು:

ತಾತ ಹೇಳಿದ್ದು ಒಪ್ಪಿದೆ. ಆದರೆ ಕ್ರಮ ಬದಲಾಯಿಸಬೇಡಿ. ಬೀಟ್‌ಗೇ ಅಂಟಿಕೊಂಡ ನಾಲಿಗೆಯನ್ನು ಮೊದಲು ಬಿಡಿಸಬೇಕು. ಪಾರ್ಕರ್ ಆಮೇಲೆ.

ಒಣರೀಡು:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಸ್ವಲ್ಪ ದಿನ ಬಿಟ್ಟು ಬರೆಯುತ್ತಿದ್ದೇನೆ. ದ, ದು ಹಿಡಿದ ಮೇಲೆ ಗದ್ದ ಬಹುಮಟ್ಟಿಗೆ ಸುಮ್ಮನಾಗಿದೆ. ಕೆಳಗಿನ ಸಿ ಈಗ ಮೆತ್ತಗೆ ಬರುತ್ತದೆ, ಬಿ ಫ್ಲಾಟ್ ಮಾತ್ರ ಇನ್ನೂ ಮೊಂಡು. ಆಫ್‌ಬೀಟ್ ಸ್ಕೇಲ್ 100ರಲ್ಲಿ ಆರಾಮ, 140 ದಾಟಿದರೆ ನಾಲಿಗೆ ದಾರಿ ತಪ್ಪುತ್ತದೆ.

ಈಗ ಹೊಸ ತೊಂದರೆಗಳು. ಒಂದು, ಗೋಸ್ಟ್ ನೋಟ್. ಕೇಳಿದಾಗ ಸ್ವರ ಇದ್ದೂ ಇಲ್ಲದ ಹಾಗಿರುತ್ತದೆ. ನಾನು ಮಾಡಿದರೆ ಪೂರ್ತಿ ಮಾಯವಾಗುತ್ತದೆ. ಎರಡು, ನಡುವಿನ ಸಿಯಿಂದ ಡಿಗೆ ಸ್ಲರ್ ಮಾಡುವಾಗ ಮಧ್ಯೆ ಒಂದು ಕಳ್ಳಸ್ವರ ಇಣುಕುತ್ತದೆ.

ಎರಡು_ನಾಲ್ಕು:

ಎರಡನೆಯದು ಬೇಗ ಮುಗಿಯುವಂಥದ್ದು. ಸಿಗೆ ಒಂದೇ ಬೆರಳು, ಡಿಗೆ ಆರು ಬೆರಳಿನ ಜೊತೆ ಆಕ್ಟೇವ್ ಕೀ (ಮೇಲಿನ ಸ್ಥಾಯಿಗೆ ಏರಿಸುವ ಕೀಲಿ). ಎಲ್ಲವೂ ಒಟ್ಟಿಗೆ ಇಳಿಯದಿದ್ದರೆ ಕಳ್ಳಸ್ವರ ಗ್ಯಾರಂಟಿ. ಸಿ ನುಡಿಸುವಾಗಲೇ ಬಲಗೈಯ ಮೂರು ಬೆರಳನ್ನು ಮೊದಲೇ ಇಟ್ಟುಕೊಂಡು ನೋಡಿ. ಸ್ವರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರುವುದಿಲ್ಲ, ಅರ್ಧ ಕೆಲಸ ಮುಗಿದಿರುತ್ತದೆ.

ಗೋಸ್ಟ್ ನೋಟ್ ಮಾಯವಾಗುವುದು ಗಾಳಿ ಕಮ್ಮಿ ಮಾಡುವುದರಿಂದ. ಸ್ವರ ಮೆಲ್ಲಗೆ ಬರಬೇಕು ಅಂದ ಕೂಡಲೇ ಎಲ್ಲರೂ ಮಾಡುವುದು ಅದನ್ನೇ. ಗಾಳಿ ಹಾಗೇ ಇರಲಿ, ರೀಡನ್ನು ಅರ್ಧ ಮುಚ್ಚಿ. ಜಿ ಊದುತ್ತಾ ನಾಲಿಗೆಯನ್ನು ರೀಡಿನ ತುದಿಯ ಒಂದು ಮೂಲೆಗೆ ಮೆಲ್ಲಗೆ ತನ್ನಿ. ಒಂದು ಹಂತದಲ್ಲಿ ಸ್ವರ ನಿಲ್ಲದೆ, ಮೂಗಿನಲ್ಲಿ 'ನ್' ಅಂದ ಹಾಗೆ ಮಂಕಾಗುತ್ತದೆ. ಆ ಜಾಗ ಗುರುತಿಟ್ಟುಕೊಳ್ಳಿ. ಅಲ್ಲಿಂದ ನಾಲಿಗೆ ಬಿಟ್ಟರೆ ತೆರೆದ ಸ್ವರ, ಇಟ್ಟರೆ ಗೋಸ್ಟ್. ದೂ-ನ್-ದೂ-ನ್ ಅಂತ ಒಂದೇ ಸ್ವರದ ಮೇಲೆ ಮಾಡಿ, ಆಮೇಲೆ ಬೆರಳು ಸೇರಿಸಿ. 3ನೇ ನಂಬರ್ ರೀಡ್ ನಿಮ್ಮ ಮೌತ್‌ಪೀಸ್‌ಗೆ ಗಟ್ಟಿ ಅನ್ನಿಸಿದರೆ ಎರಡೂವರೆ ಹಾಕಿ. ಗಟ್ಟಿ ರೀಡ್ ಈ ಅರ್ಧ ಮುಚ್ಚುವಿಕೆಗೆ ಸುಲಭವಾಗಿ ಬಗ್ಗುವುದಿಲ್ಲ. ಬಿ ಫ್ಲಾಟ್‌ಗೂ ಅನುಕೂಲ.

ಟೆನರ್_ತಾತ:

ಸಿಗ್ತಾ ಇದ್ದ ಹಾಗೆ ಎಲ್ಲ ಕಡೆ ಗೋಸ್ಟ್ ಸುರಿಯಬೇಡಿ. ಸಾಲು ಇಳಿಯುವಾಗ, ಎರಡು ಮುಖ್ಯ ಸ್ವರಗಳ ನಡುವೆ ಬರುವ ಸ್ವರಕ್ಕೆ ಸಾಕು. ಮೊದಲನೆಯದಕ್ಕೂ ಕೊನೆಯದಕ್ಕೂ ಬೇಡ.

ಒಣರೀಡು:

ಸರಿ ತಾತ. ಕೊನೆಯ ಸ್ವರ ಅಂದದ್ದಕ್ಕೆ ಒಂದು ಪ್ರಶ್ನೆ. ನನಗೆ ಕಲಿಸಿದವರು ಸ್ವರವನ್ನು ನಾಲಿಗೆಯಿಂದ ಕತ್ತರಿಸಲೇಬಾರದು, ಉಸಿರಿನಿಂದ ಮುಗಿಸಬೇಕು ಅನ್ನುತ್ತಿದ್ದರು. ಜಾಝ್ ರೆಕಾರ್ಡ್‌ಗಳಲ್ಲಿ ಸಾಲಿನ ಕೊನೆ 'ದಾತ್' ಅಂತ ಪಟ್ಟನೆ ನಿಲ್ಲುತ್ತದಲ್ಲ?

ಎರಡು_ನಾಲ್ಕು:

ಕ್ಲಾಸಿಕಲ್‌ಗೆ ಅವರು ಹೇಳಿದ್ದು ಸರಿ. ಜಾಝ್‌ನಲ್ಲಿ, ಅದರಲ್ಲೂ ಬಿಗ್ ಬ್ಯಾಂಡ್ ಶೈಲಿಯಲ್ಲಿ, ಗಿಡ್ಡ ಸ್ವರವನ್ನು ನಾಲಿಗೆಯಿಂದಲೇ ನಿಲ್ಲಿಸುವುದು ವಾಡಿಕೆ. ಬರಹದಲ್ಲಿ ಸ್ವರದ ತಲೆಯ ಮೇಲೆ ಟೋಪಿ ತರಹದ ಗುರುತು ಇದ್ದರೆ ಅದೇ ಅರ್ಥ. ನೀವು ಮೊದಲ ದಿನ ಮಾಡಿದ ಎರಡನೇ ಪರೀಕ್ಷೆ ಇದೆಯಲ್ಲ, ಒತ್ತಡ ಬಿಡದೆ ನಾಲಿಗೆ ಇಟ್ಟು ನಿಲ್ಲಿಸುವುದು, ಅದನ್ನೇ ಆಫ್‌ಬೀಟ್ ಮೇಲೆ ಮಾಡಿ. ದೂ-ದಾತ್. ನಿಧಾನಗತಿಯ ಬ್ಯಾಲಡ್‌ನಲ್ಲಿ ಮಾತ್ರ ಬೇಡ, ಅಲ್ಲಿ ಉಸಿರಿನಿಂದಲೇ ಮುಗಿಸಿ.