ಮ್ಯಾಕ್ರಮೆ ನೆಲುವು: ಕಾಲುಗಳು ತಿರುಚಿಕೊಳ್ಳುತ್ತಿವೆ, ಹಗ್ಗದ ಲೆಕ್ಕವೂ ತಪ್ಪುತ್ತಿದೆ

ಜಗಲಿತೋಟ (ಪ್ರಶ್ನೆ):
ಹೂಕುಂಡ ತೂಗಿಸಲು ಮ್ಯಾಕ್ರಮೆ (ಹಗ್ಗಕ್ಕೆ ಗಂಟು ಹಾಕುತ್ತಾ ಹೆಣೆಯುವ ಕಲೆ) ನೆಲುವು ಕಟ್ಟುತ್ತಿದ್ದೇನೆ. ಹಗ್ಗ 4 ಮಿ.ಮೀ. ದಪ್ಪದ ಹತ್ತಿಯದು, ಮೂರೆಳೆ ಹುರಿ. ಮೇಲೆ ಮರದ ಬಳೆ, ಅದರಿಂದ ನಾಲ್ಕು ಕಾಲು, ಕಾಲಿಗೆ ನಾಲ್ಕು ಎಳೆ. ಕಾಲು ಚಪ್ಪಟೆ ಪಟ್ಟಿಯಂತೆ ಇಳಿಯಬೇಕು ಅಂತ ಸ್ಕ್ವೇರ್ ನಾಟ್ ಹಾಕಿದರೂ ಅಲ್ಲಲ್ಲಿ ತಿರುಚಿಕೊಳ್ಳುತ್ತದೆ. ಇನ್ನೊಂದು ತೊಂದರೆ: ಹೊರಗಿನ ಎರಡು ಎಳೆ ಅರ್ಧ ದಾರಿಯಲ್ಲೇ ಮುಗಿಯುತ್ತವೆ, ನಡುವಿನವು ಮಾರುಗಟ್ಟಲೆ ಉಳಿಯುತ್ತವೆ. ಬಳೆಯಿಂದ ಗೊಂಡೆಯ ತುದಿವರೆಗೆ 1 ಮೀಟರ್ ಇದ್ದರೆ ಸಾಕು. ಕುಂಡದ ಬಾಯಿ 15 ಸೆಂ.ಮೀ. ತೂಗಿಸುವುದು ಪುತ್ತೂರು ಕಡೆಯ ಮನೆ ಜಗಲಿಯಲ್ಲಿ, ಮಳೆಗಾಲದಲ್ಲಿ ಎರಚಲು ಬಡಿಯುತ್ತದೆ. ಹತ್ತಿ ಹಗ್ಗ ತಡೆಯುತ್ತದೆಯೇ?

ಗಂಟುಗಾರ್ತಿ:
ತಿರುಚುವುದಕ್ಕೆ ಕಾರಣ ಮುಕ್ಕಾಲು ಪಾಲು ಒಂದೇ. ಒಂದೇ ಕಡೆಯ ಅರ್ಧ ಗಂಟು ಎರಡು ಸಲ ಬಿದ್ದಿದೆ.

ಸ್ಕ್ವೇರ್ ನಾಟ್ ಅಂದರೆ ಎರಡು ಅರ್ಧ ಗಂಟು. ಮೊದಲರ್ಧದಲ್ಲಿ ಎಡದ ಎಳೆಯನ್ನು ನಡುವಿನ ಎರಡು ಎಳೆಗಳ ಮುಂದೆ ಹಾಯಿಸಿ ಬಲದ ಎಳೆಯ ಕೆಳಗೆ ಇಡಿ. ಬಲದ ಎಳೆಯನ್ನು ನಡುವಿನವುಗಳ ಹಿಂದಿನಿಂದ ತಂದು, ಎಡಗಡೆ ಆದ ಕುಣಿಕೆಯೊಳಗಿಂದ ಮುಂದಕ್ಕೆ ಎಳೆಯಿರಿ. ಎರಡನೆಯರ್ಧ ಇದರ ಕನ್ನಡಿ: ಈಗ ಬಲಕ್ಕಿರುವ ಎಳೆ ಮುಂದೆ ಹಾಯುತ್ತದೆ, ಎಡಕ್ಕಿರುವುದು ಹಿಂದಿನಿಂದ ಬಂದು ಬಲದ ಕುಣಿಕೆಯೊಳಗೆ ತೂರುತ್ತದೆ.

ಸರಿಯಾಗಿ ಗಮನಿಸಿದರೆ ಪ್ರತಿ ಸಲವೂ ಮುಂದೆ ಹಾಯುವ ಎಳೆ ಒಂದೇ. ಅದು ಎಡಕ್ಕೂ ಬಲಕ್ಕೂ ಓಡಾಡುತ್ತದೆ, ಹಿಂದಕ್ಕೆ ಮಾತ್ರ ಹೋಗುವುದಿಲ್ಲ. ಹಾಗಾಗಿ ಅದರ ತುದಿಗೆ ಕೆಂಪು ದಾರವೋ ಟೇಪೋ ಸುತ್ತಿಬಿಡಿ. ಕೆಂಪು ಯಾವತ್ತೂ ಮುಂದೆ, ಇಷ್ಟೇ ನೆನಪಿಟ್ಟರೆ ಎಡವೋ ಬಲವೋ ಅಂತ ತಡಕಾಡಬೇಕಿಲ್ಲ. ಎಡದ ಎಳೆಯನ್ನೇ ಪ್ರತಿ ಸಲ ಮುಂದೆ ಹಾಯಿಸಿದರೆ ಎರಡೂ ಎಳೆ ಸರದಿಯಂತೆ ಮುಂದೆ ಬರುತ್ತವೆ, ಆಗ ಪಟ್ಟಿ ಸುರುಳಿಯಾಗುತ್ತದೆ. ಸ್ಪೈರಲ್ ಮಾಡುವ ವಿಧಾನವೇ ಅದು.

ಈಗಾಗಲೇ ಹಾಕಿದ್ದರಲ್ಲಿ ತಪ್ಪು ಹುಡುಕಲು ಅಂಚುಗಳಲ್ಲಿ ನಿಂತ ಸಣ್ಣ ಉಬ್ಬುಗಳನ್ನು ಮೇಲಿನಿಂದ ಬೆರಳಾಡಿಸಿ ನೋಡುತ್ತಾ ಬನ್ನಿ. ಎಡ, ಬಲ, ಎಡ, ಬಲ ಅಂತ ಬರಬೇಕು. ಎಲ್ಲಿ ಒಂದೇ ಅಂಚಿನಲ್ಲಿ ಎರಡು ಉಬ್ಬು ಒಂದರ ಕೆಳಗೊಂದು ಬಂದಿವೆಯೋ ಅಲ್ಲಿಯವರೆಗೆ ಬಿಚ್ಚಿ. ಕೆಲಸ ಬಿಟ್ಟು ಎದ್ದುಹೋಗಿ ಮತ್ತೆ ಕೂತಾಗಲೂ ಇದೇ ಗುರುತು: ಕೊನೆಯ ಉಬ್ಬು ಎಡಕ್ಕಿದ್ದರೆ ಮುಂದಿನ ಅರ್ಧವೂ ಎಡದಿಂದಲೇ ಶುರು.

ಗಂಟು ಸರಿಯಿದ್ದೂ ಪಟ್ಟಿ ಸ್ವಲ್ಪ ವಾಲುತ್ತಿದ್ದರೆ ನಡುವಿನ ಎಳೆಗಳು ಸಡಿಲವಿವೆ ಅಂತ ಅರ್ಥ. ಅವನ್ನು ಕೆಳಗೆ ಕ್ಲಿಪ್ ಹಾಕಿ ಬಿಗಿಹಿಡಿದು, ಹೊರಗಿನ ಎರಡನ್ನೂ ಒಂದೇ ಬಲದಲ್ಲಿ ಅಡ್ಡಕ್ಕೆ ಎಳೆಯಿರಿ, ಕೆಳಕ್ಕಲ್ಲ. ಕತ್ತರಿಸಿದ ತಕ್ಷಣ ತುದಿಗೆ ಟೇಪ್ ಸುತ್ತಿ. ಮೂರೆಳೆ ಹಗ್ಗದ ಹುರಿ ಬಿಚ್ಚಿಕೊಂಡರೆ ಗಂಟಿನ ಅಂದವೇ ಕೆಡುತ್ತದೆ.

ನೂಲಿನಲೆಕ್ಕ:
ಉದ್ದದ ಬಗ್ಗೆ. ನಡುವಿನ ಎಳೆ ನೇರ ಇಳಿಯುತ್ತದೆ, ಪಟ್ಟಿ 30 ಸೆಂ.ಮೀ. ಇದ್ದರೆ ಅದಕ್ಕೂ 30 ಸಾಕು. ಸುತ್ತುವ ಎಳೆಗೆ ಅದರ ನಾಲ್ಕರಿಂದ ಐದು ಪಟ್ಟು ಬೇಕು. ಎಂಟೂ ಹಗ್ಗವನ್ನು ಒಂದೇ ಅಳತೆಗೆ ಕತ್ತರಿಸಿದರೆ ನಿಮಗಾದಂತೆಯೇ ಆಗುತ್ತದೆ.

1 ಮೀಟರ್ ನೆಲುವನ್ನು ಹೀಗೆ ಹಂಚಿಕೊಳ್ಳಿ: ಬಳೆಯ ಕೆಳಗಿನ ಸುತ್ತುಗಂಟು (ಎಲ್ಲ ಎಳೆಗಳನ್ನು ಒಟ್ಟಿಗೆ ಹಿಡಿದು ಸುತ್ತುವ ಗಂಟು) 4 ಸೆಂ.ಮೀ., ಪಟ್ಟಿ 30, ಖಾಲಿ ಎಳೆ 18, ಕುಂಡ ಕೂರುವ ಬುಟ್ಟಿಯ ಮೊದಲ ಸಾಲು 4, ಖಾಲಿ 10, ಎರಡನೇ ಸಾಲು 4, ಖಾಲಿ 10, ತಳದ ಸುತ್ತುಗಂಟು 4, ಗೊಂಡೆ 16. ಇದಕ್ಕೆ 5 ಮೀಟರ್‌ನ ನಾಲ್ಕು ಹಗ್ಗ, 2.8 ಮೀಟರ್‌ನ ನಾಲ್ಕು. ಬಳೆಯೊಳಗೆ ಹಾಕಿ ಸರಿಯಾಗಿ ಎರಡು ಮಡಿಕೆ ಮಾಡಿದರೆ 16 ಎಳೆ. ಒಂದು ಉದ್ದದ್ದು, ಒಂದು ಗಿಡ್ಡದ್ದು ಸೇರಿ ಒಂದು ಕಾಲು. ಗಿಡ್ಡ ಎಳೆಗಳು ನಡುವೆ, ಉದ್ದದ್ದು ಹೊರಗೆ. ಎರಡು ಸುತ್ತುಗಂಟಿಗೆ 1.25 ಮೀಟರ್‌ನ ಎರಡು ತುಂಡು ಬೇರೆ. ಒಟ್ಟು ಸುಮಾರು 34 ಮೀಟರ್.

ಕೈಬಿಗಿ ಒಬ್ಬೊಬ್ಬರದು ಒಂದೊಂದು ತರಹ. ಹಾಗಾಗಿ ಕತ್ತರಿ ಹಾಕುವ ಮುಂಚೆ 10 ಸೆಂ.ಮೀ. ಪಟ್ಟಿ ಕಟ್ಟಿ, ಸುತ್ತುವ ಎಳೆ ಎಷ್ಟು ಒಳಹೋಯಿತು ನೋಡಿ. 50 ಸೆಂ.ಮೀ. ದಾಟಿದರೆ ಉದ್ದದ ಹಗ್ಗಗಳಿಗೆ ತಲಾ ಅರ್ಧ ಮೀಟರ್ ಸೇರಿಸಿ. ಮೊದಲ ಕಾಲಿನಲ್ಲಿ ಎಷ್ಟು ಗಂಟಾಯಿತೋ ಉಳಿದ ಮೂರರಲ್ಲೂ ಅಷ್ಟೇ ಎಣಿಸಿ ಹಾಕಿ.

ಜಗಲಿತೋಟ:
ಕೆಂಪು ದಾರದ ಗುರುತು ಬಹಳ ಉಪಯೋಗಕ್ಕೆ ಬಂತು, ಧನ್ಯವಾದ. ಈಗಾಗಲೇ ಕಟ್ಟಿರುವ ಕಾಲಿನಲ್ಲಿ ಹೊರಗಿನ ಎಳೆ ಮುಗಿದಿದೆಯಲ್ಲ, ಅದಕ್ಕೆ ಬೇರೆ ಹಗ್ಗ ಗಂಟುಹಾಕಿ ಮುಂದುವರಿಸಬಹುದೇ? ಬುಟ್ಟಿ ಒಂದು ಕಡೆ ವಾಲದಂತೆ ಕಟ್ಟುವುದು ಹೇಗೆ ಅಂತಲೂ ಹೇಳಿ.

ಗಂಟುಗಾರ್ತಿ:
ತುದಿಗೆ ತುದಿ ಗಂಟು ಹಾಕಬೇಡಿ, ಅಲ್ಲೊಂದು ಗಡ್ಡೆ ನಿಲ್ಲುತ್ತದೆ. ಮುಗಿದ ಎರಡು ಎಳೆಗಳನ್ನು ನಡುವಿನವುಗಳ ಜೊತೆ ಸೇರಿಸಿ. ಹೊಸ ಹಗ್ಗದ ಮಧ್ಯಭಾಗವನ್ನು ಅವೆಲ್ಲದರ ಹಿಂದೆ ಇಟ್ಟು, ಅದರ ಎರಡು ತುದಿಗಳಿಂದಲೇ ಗಂಟು ಮುಂದುವರಿಸಿ. ನಾಲ್ಕು ಗಂಟು ಬಿಗಿಯಾದ ಮೇಲೆ ಹಳೆಯ ತುದಿಗಳನ್ನು ಹಿಂಬದಿಗೆ ತಂದು ಕತ್ತರಿಸಿ. ಹಳೆಯ ಎಳೆ ಕನಿಷ್ಠ 8 ಸೆಂ.ಮೀ. ಉಳಿದಿರುವಾಗಲೇ ಈ ಕೆಲಸ ಮಾಡಬೇಕು.

ಬುಟ್ಟಿಗೆ ಒಂದು ಕಾಲಿನ ಎರಡು ಎಳೆ, ಪಕ್ಕದ ಕಾಲಿನ ಎರಡು ಎಳೆ ಸೇರಿಸಿ ಎರಡೆರಡು ಸ್ಕ್ವೇರ್ ನಾಟ್. ಹೀಗೆ ಸೇರಿಸಿದಾಗ ಕಾಲಿನ ನಡುವೆ ಇದ್ದ ಗಿಡ್ಡ ಎಳೆಗಳು ಹೊರಗೆ ಬರುತ್ತವೆ, ಈ ಸಾಲಿನಲ್ಲಿ ಸುತ್ತುವುದು ಅವೇ. ಎರಡನೇ ಸಾಲಿನಲ್ಲಿ ಮತ್ತೆ ಕಾಲಿನಲ್ಲಿ ಒಟ್ಟಿಗಿದ್ದ ನಾಲ್ಕು ಎಳೆಗಳ ಜೋಡಿ. ನೆಲದ ಮೇಲೆ ಹರಡಿ ಅಳೆಯಬೇಡಿ. ಬಳೆಯನ್ನು ಮೊಳೆಗೆ ನೇತುಹಾಕಿ, 18 ಸೆಂ.ಮೀ.ಗೆ ಒಂದು ರಟ್ಟಿನ ತುಂಡು ಕತ್ತರಿಸಿಕೊಂಡು ಪ್ರತಿ ಕಾಲಿಗೂ ಅದನ್ನೇ ಹಿಡಿದು ನೋಡಿ. ತಳದ ಗಂಟು ಹಾಕುವ ಮುಂಚೆ 16 ಎಳೆಗಳನ್ನೂ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಖಾಲಿ ಕುಂಡ ಇಟ್ಟು, ದೂರ ನಿಂತು ನೋಡಿ. ವಾಲಿದ ಕಡೆಯ ಎಳೆಗಳನ್ನು ಬ್ಯಾಂಡಿನೊಳಗಿಂದ ಚೂರು ಕೆಳಕ್ಕೆ ಎಳೆದರೆ ಆ ಬದಿ ಮೇಲೇಳುತ್ತದೆ. ಸಮ ಆದಮೇಲೆ ಬ್ಯಾಂಡಿನ ಜಾಗದಲ್ಲಿ ಮೇಣದ ನೈಲಾನ್ ದಾರ ನಾಲ್ಕು ಸುತ್ತು ಬಿಗಿದು ಕಟ್ಟಿ.

ಅದರ ಮೇಲೆ ಸುತ್ತುಗಂಟು. ಹಗ್ಗದ ಒಂದು ತುದಿ ಮೇಲೆ 8 ಸೆಂ.ಮೀ. ಚಾಚಿರಲಿ, ಅಲ್ಲಿಂದ ಕೆಳಗೆ ಇಳಿಸಿ ಮತ್ತೆ ಮೇಲಕ್ಕೆ ಮಡಚಿದರೆ ಕೆಳಗಡೆ ಉದ್ದನೆಯ ಕುಣಿಕೆ ಆಗುತ್ತದೆ. ಮಡಚಿದ ಆ ಹಗ್ಗದಿಂದ ಮೇಲಿನಿಂದ ಕೆಳಗೆ ಎಂಟು ಸುತ್ತು ಸುತ್ತಿ, ಉಳಿದ ತುದಿಯನ್ನು ಕುಣಿಕೆಯೊಳಗೆ ತೂರಿಸಿ. ಮೇಲೆ ಚಾಚಿದ ತುದಿಯನ್ನು ಎಳೆದಾಗ ಕುಣಿಕೆ ಸುತ್ತುಗಳ ಒಳಗೆ ಹೋಗುತ್ತದೆ. ಅರ್ಧ ತಲುಪಿದೊಡನೆ ನಿಲ್ಲಿಸಬೇಕು. ಪೂರ್ತಿ ಎಳೆದರೆ ಮೇಲಿನಿಂದ ಹೊರಬಂದು ಗಂಟೇ ಬಿಚ್ಚಿಹೋಗುತ್ತದೆ. ಕುಣಿಕೆ ಮಿಸುಕದೇ ಇದ್ದರೆ ಸುತ್ತು ಅತಿ ಬಿಗಿಯಾಗಿದೆ. ಎರಡೂ ತುದಿಗಳನ್ನು ಸುತ್ತಿಗೆ ತಾಗಿಸಿ ಕತ್ತರಿಸಿ.

ಮಲೆನಾಡಹುರಿ:
ಹತ್ತಿ ಆ ಜಗಲಿಗೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹಿಂದಿನವರ ನೆಲುವು ಹಾಲು ಮೊಸರಿನ ಗಡಿಗೆ ಹೊತ್ತು ಅಡುಗೆಮನೆಯೊಳಗೆ, ಒಲೆಯ ಬಿಸಿಯಲ್ಲಿ ಒಣಗಿರುತ್ತಿತ್ತು. ಇಲ್ಲಿ ಹಾಗಲ್ಲ: ಎರಚಲು ಒಂದು ಕಡೆ, ಕುಂಡದ ತೂತಿನಿಂದ ಇಳಿಯುವ ನೀರು ಇನ್ನೊಂದು ಕಡೆ. ಮೊದಲು ಬೂಷ್ಟು ಹಿಡಿದು ಕಪ್ಪಾಗಿ ಕೊಳೆಯುವುದು ತಳದ ಸುತ್ತುಗಂಟು, ಇಡೀ ಭಾರ ನಿಂತಿರುವುದೂ ಅಲ್ಲೇ. 15 ಸೆಂ.ಮೀ. ಕುಂಡ ಒದ್ದೆ ಮಣ್ಣು ಸೇರಿ ಎರಡೂವರೆ, ಮೂರು ಕಿಲೋ ತೂಗುತ್ತದೆ.

ಹೊರಗೆ ತೂಗಿಸುವುದಕ್ಕೆ ಹೆಣೆದ ಪಾಲಿಯೆಸ್ಟರ್ ಹಗ್ಗ ಒಳ್ಳೆಯದು. ಪಾಲಿಪ್ರೊಪಿಲೀನ್ ನೀರು ಕುಡಿಯುವುದಿಲ್ಲ ನಿಜ, ಬಿಸಿಲಿಗೆ ಮಾತ್ರ ಪುಡಿಯಾಗುತ್ತಾ ಬರುತ್ತದೆ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ತೆಂಗಿನ ನಾರಿನ ಹುರಿ ನೀರಿಗೆ ಜಗ್ಗುವುದಿಲ್ಲ, ಒರಟಾದ್ದರಿಂದ ಸಣ್ಣ ಗಂಟು ಚೆಂದ ಕೂರುವುದಿಲ್ಲ. ಅದರಲ್ಲಿ ಪಟ್ಟಿ ಬಿಟ್ಟು ಬುಟ್ಟಿಯಷ್ಟೇ ಕಟ್ಟಿ. ಪಾಲಿಯೆಸ್ಟರ್ ಜಾರುತ್ತದೆ. ಕತ್ತರಿಸಿದ ತುದಿಯನ್ನು ಲೈಟರ್‌ನಿಂದ ಕರಗಿಸಿ, ಸುತ್ತುಗಂಟಿನ ಒಳಗಿನ ನೈಲಾನ್ ದಾರವನ್ನು ಮರೆಯದೆ ಕಟ್ಟಿ.

ಹತ್ತಿಯಲ್ಲೇ ಮುಗಿಸುವುದಾದರೆ ಕುಂಡದ ಅಡಿಗೆ ತಟ್ಟೆ ಇಡಿ, ನೀರು ಹಾಕುವಾಗ ಕುಂಡ ಹೊರತೆಗೆಯಿರಿ, ಜೂನ್ ಬರುವ ಮೊದಲು ಒಳಗೆ ತನ್ನಿ. ಮೊದಲ ವಾರ ಭಾರಕ್ಕೆ ಎರಡು ಮೂರು ಸೆಂ.ಮೀ. ಜಗ್ಗಬಹುದು, ಅದಕ್ಕೆ ಗಾಬರಿ ಬೇಡ.

ಬಳೆಯನ್ನು ಜಂತಿಗೆ ಹಗ್ಗದಿಂದ ಕಟ್ಟುವುದಾದರೆ ಅಲ್ಲಿ ಸ್ಕ್ವೇರ್ ನಾಟ್ ನಂಬಬೇಡಿ. ನಡುವೆ ಹಿಡಿದುಕೊಳ್ಳುವ ಎಳೆ ಇಲ್ಲದಾಗ ಒಂದು ತುದಿ ಜಗ್ಗಿದರೂ ಅದು ಮಗುಚಿ ಜಾರುತ್ತದೆ. ಜಂತಿಗೆ ಎರಡು ಪೂರ್ತಿ ಸುತ್ತು ಹಾಕಿ, ಉಳಿದ ತುದಿಯನ್ನು ಭಾರ ಹೊತ್ತ ಹಗ್ಗದ ಸುತ್ತ ಒಂದೇ ದಿಕ್ಕಿಗೆ ಎರಡು ಅರೆಗಂಟು (ಹಗ್ಗವನ್ನು ಬಳಸಿ ಬಂದ ತುದಿಯನ್ನು ಆ ಸುತ್ತಿನೊಳಗೆ ತೂರಿಸುವ ಗಂಟು) ಹಾಕಿ ಬಿಗಿಯಿರಿ, ತುದಿ 10 ಸೆಂ.ಮೀ. ಉಳಿಯಲಿ. ಗಾಳಿಗೆ ತೂಗಾಡಿ ಹಗ್ಗ ಸವೆಯುವ ಜಾಗವೂ ಅದೇ, ತಿಂಗಳಿಗೊಮ್ಮೆ ಮುಟ್ಟಿ ನೋಡಿ.